ಮೊಟ್ಟೆಯೊಳಗಿನ ಹಸಿರು

(ನಮ್ಮ ಸಂಘದ ಸ್ಥಾಪನಾ ವಾರ್ಷಿಕೋತ್ಸವದಂದು ಕ್ಲೈನ್‌ಬರ್ಗ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರ ಕೈಗೆ ಮೈಕು ಕೊಟ್ಟರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಹೆದರಿಸುತ್ತಾರೆ ಎಂಬ ಆತಂಕ ನಿಮ್ಮಲ್ಲಿ ಕೆಲವರ ಮುಖದಲ್ಲಿ ಕಾಣುತ್ತಿದೆ. ಹೆದರಬೇಡಿ. ಹೋಳಿಗೆ ಬಡಿಸುವ ದಿನ ಆ ಪಾಪ ನಾನು ಕಟ್ಟಿಕೊಳ್ಳುವುದಿಲ್ಲ. ಅಧ್ಯಕ್ಷರು ಫೋನ್ ಮಾಡಿ, "ಸಹಜೀವನದ ಬಗ್ಗೆ ಏನಾದರೂ ಮಾತಾಡಿ ಡಾಕ್ಟ್ರೇ" ಎಂದರು. ಕನ್ನಡಿಗರು ಈ ನಾಡಿನಲ್ಲಿ ಹಾಲಿನೊಳಗೆ ಸಕ್ಕರೆಯಂತೆ ಬೆರೆತ ಕತೆ ಅವರ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ. ಆದರೆ ಆ ಪದ ಕಿವಿಗೆ ಬಿದ್ದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಒಂದು ಉಪ್ಪಿನಕಾಯಿ ಜಾಡಿ, ಅದರೊಳಗೆ ಹಸಿರು ಬಣ್ಣದ ಲೋಳೆಯ ಒಂದು ಮುದ್ದೆ. ಅದರ ಕತೆಯನ್ನೇ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಏಳು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಎಂಟು ವರ್ಷ. ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಇಲ್ಲಿಂದ ಉತ್ತರಕ್ಕೆ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಓಕ್ ರಿಜಸ್ ಮೊರೇನ್ ಎಂಬ ಉದ್ದನೆಯ ದಿಬ್ಬ ಸಿಗುತ್ತದೆ. ಹಿಮಯುಗದ ಹಿಮನದಿಗಳು ಕರಗುವಾಗ ಬಿಟ್ಟುಹೋದ ಮರಳು, ಜಲ್ಲಿಗಳ ರಾಶಿ ಅದು. ಉದ್ದ ಸುಮಾರು 160 ಕಿಲೋಮೀಟರ್. ನಮ್ಮ ಮೆಕ್‌ಮೈಕಲ್ ಚಿತ್ರಶಾಲೆಯ ಪಕ್ಕದ ಕಣಿವೆಯಲ್ಲಿ ಹರಿಯುವ ಪೂರ್ವ ಹಂಬರ್ ಹೊಳೆ ಹುಟ್ಟುವುದು ಅಲ್ಲೇ. ಆ ದಿಬ್ಬದ ಮೇಲೆ ನನಗೆ ಪರಿಚಯದ ಹಿರಿಯ ರೈತರೊಬ್ಬರ ಮೇಪಲ್ ಕಾಡಿದೆ. ಮೇ ತಿಂಗಳ ಮೊದಲ ಭಾನುವಾರ ಸಿರಪ್ ತರುವ ನೆಪದಲ್ಲಿ ಮೂವರೂ ಹೋಗಿದ್ದೆವು. ಎಲೆ ಇನ್ನೂ ಪೂರ್ತಿ ಬಂದಿರಲಿಲ್ಲ. ಮರಗಳ ನಡುವೆ ತಗ್ಗಿನಲ್ಲಿ ಹಿಮ ಕರಗಿದ ನೀರು ನಿಂತು, ನಮ್ಮ ಮಲೆನಾಡಿನ ಮಳೆಗಾಲದ ಗುಂಡಿಯ ಹಾಗೆ ಒಂದು ಹೊಂಡವಾಗಿತ್ತು. ನೀರೊಳಗೆ ಬಿದ್ದ ರೆಂಬೆಗೆ ಅಂಟಿಕೊಂಡು ಮುಷ್ಟಿ ಗಾತ್ರದ ಲೋಳೆಯ ಮುದ್ದೆಗಳು. ಒಂದೊಂದರಲ್ಲಿಯೂ ಹತ್ತಾರು ಮೊಟ್ಟೆ. ಅಚ್ಚರಿಯೆಂದರೆ ಒಂದೊಂದು ಮೊಟ್ಟೆಯೂ ಎಳೆ ಬಟಾಣಿಯಂತೆ ಹಸಿರು.

"ಇದೆಂಥ ಮಾರಾಯ, ಕಪ್ಪೆ ಮೊಟ್ಟೆಯಾ?" ಎಂದರು ಅಮ್ಮ. ರೈತರು ನಕ್ಕು, ಕೊಳೆತ ದಿಮ್ಮಿಯೊಂದನ್ನು ಮೆಲ್ಲನೆ ಹೊರಳಿಸಿ ತಾಯಿಪ್ರಾಣಿಯನ್ನು ತೋರಿಸಿದರು. ಗೇಣುದ್ದ, ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು ಮೈ, ಬೆನ್ನ ಮೇಲೆ ಎರಡು ಸಾಲು ಅರಿಸಿನದ ಬೊಟ್ಟು. "ಹಾವುರಾಣಿ ಅಲ್ವೇನೋ ಇದು?" ಎಂದು ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಹಾವುರಾಣಿಯಲ್ಲ, ಚುಕ್ಕೆ ಸಾಲಮಾಂಡರ್. ಕಪ್ಪೆಯ ಬಂಧು, ಆದರೆ ಕಪ್ಪೆಗಿಲ್ಲದ ಬಾಲ ಇದಕ್ಕೆ ಕೊನೆಯತನಕ ಇರುತ್ತದೆ. ನಮ್ಮ ಕರ್ನಾಟಕದಲ್ಲಿ ಸಾಲಮಾಂಡರ್‌ಗಳೇ ಇಲ್ಲ. ಭಾರತದಲ್ಲಿ ನೋಡಬೇಕಾದರೆ ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು. ಹಾಗಾಗಿ ಅಮ್ಮನಿಗೆ ಹೆಸರು ತಿಳಿಯದೆ ಹೋದದ್ದರಲ್ಲಿ ತಪ್ಪಿಲ್ಲ.

ಮಗಳು ಹಟ ಹಿಡಿದಳು. ಒಂದು ಮುದ್ದೆಯನ್ನು ಜಾಡಿಯಲ್ಲಿ ಮನೆಗೆ ತಂದೆವು. ತರಬಾರದಿತ್ತು, ಕಾಡಿನ ಪ್ರಾಣಿಯ ಮೊಟ್ಟೆಯನ್ನು ಹೀಗೆ ಎತ್ತಿಕೊಂಡು ಬರುವುದು ಸರಿಯಲ್ಲವೆಂದು ನನಗೆ ಗೊತ್ತಿರಬೇಕಿತ್ತು. ತಂದ ಮೇಲೆ ಎಲ್ಲಿಡುವುದು? ನನ್ನಲ್ಲಿದ್ದ ಡಾಕ್ಟರು ಎಚ್ಚೆತ್ತ. ಲ್ಯಾಬಿನ ಮಾದರಿಗಳನ್ನು ಇಡುವಂತೆ ತಂಪಾಗಿ, ಕತ್ತಲೆಯಲ್ಲಿ ಇಡಬೇಕು ಎಂದು ತೀರ್ಮಾನಿಸಿ ಬೇಸ್‌ಮೆಂಟಿನ ಕೋಲ್ಡ್ ರೂಮಿನಲ್ಲಿ ಮಾವಿನ ಮಿಡಿಯ ಜಾಡಿಗಳ ಪಕ್ಕ ಇಟ್ಟೆ. "ಜೀವ ಇರೋದನ್ನ ಕತ್ತಲೆ ಕೋಣೆಲಿ ಇಡ್ತಾರೇನೋ? ಬೆಳಕಿಗಿಡು" ಎಂದರು ಅಮ್ಮ. ಬಿಸಿಲಿಗೆ ಬೆಂದುಹೋಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಎಂದೆ.

ಒಂಬತ್ತನೆಯ ದಿನ ತೆಗೆದು ನೋಡಿದರೆ ಹಸಿರು ಮಾಸಿತ್ತು. ಅಂಚಿನ ಮೊಟ್ಟೆಗಳಲ್ಲಿ ಮರಿಗಳು ಮಿಸುಕುತ್ತಿದ್ದವು. ನಡುವಿನವೆಲ್ಲ ಬೆಳ್ಳಗೆ, ಬೇಯಿಸಿದ ಸಾಬೂದಾನಿಯಂತೆ ನಿಶ್ಚಲವಾಗಿದ್ದವು. ಮಗಳು ಅಳಲಿಲ್ಲ. ಜಾಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಪ್ಪಾ, ನೀನು ಡಾಕ್ಟರ್ ಅಲ್ವಾ?" ಎಂದಳು. ಉಳಿದವನ್ನು ಅದೇ ಸಂಜೆ ಆ ಹೊಂಡಕ್ಕೇ ಬಿಟ್ಟು ಬಂದೆವು. ಆ ರಾತ್ರಿಯಿಂದ ನಾನು ಓದತೊಡಗಿದೆ. ನಾನು ಕೊಂದದ್ದು ಏನನ್ನು ಎಂದು ತಿಳಿಯುವ ಆಸೆ.

ಹಸಿರಿಗೆ ಕಾರಣ ಪಾಚಿ. ಊರಿನ ಬಾವಿಯ ಕಟ್ಟೆಯ ಮೇಲೆ ಜಾರಿಸುತ್ತದಲ್ಲ, ಅದೇ ಕುಲದ, ಕಣ್ಣಿಗೆ ಕಾಣದ ಒಂದೇ ಜೀವಕೋಶದ ಸಸ್ಯ. ಈ ಮೊಟ್ಟೆಗಳು ಹಸಿರಾಗುವುದನ್ನು ಹೆನ್ರಿ ಓರ್ ಎಂಬ ವಿಜ್ಞಾನಿ 1888ರಲ್ಲೇ ಬರೆದಿಟ್ಟಿದ್ದ. ಪಾಚಿಗೆ ಆಮೇಲೆ ಇಟ್ಟ ಹೆಸರು ಊಫಿಲಾ. ಗ್ರೀಕಿನಲ್ಲಿ ಮೊಟ್ಟೆಯನ್ನು ಪ್ರೀತಿಸುವಂಥದು ಎಂದರ್ಥ. ಹೆಸರಿಟ್ಟವರು ರಸಿಕರು.

ಈ ಪ್ರೀತಿಯ ಲೆಕ್ಕ ಹೀಗಿದೆ. ಸಾಲಮಾಂಡರ್ ತನ್ನ ಮೊಟ್ಟೆಗಳ ಸುತ್ತ ಗಟ್ಟಿಯಾದ ಲೋಳೆ ಸುರಿಸುತ್ತದೆ. ಮೊಟ್ಟೆಕಳ್ಳರಿಂದ ಅದು ರಕ್ಷಣೆ. ಆದರೆ ಅಷ್ಟು ದಪ್ಪ ಲೋಳೆಯನ್ನು ದಾಟಿ ನೀರಿನ ಆಮ್ಲಜನಕ ನಡುವಿನ ಮೊಟ್ಟೆಗೆ ತಲುಪುವುದು ಕಷ್ಟ. ಶ್ವಾಸಕೋಶದ ಗೋಡೆ ದಪ್ಪವಾದ ರೋಗಿ ಎಷ್ಟು ಎಳೆದುಕೊಂಡರೂ ಉಸಿರು ಸಾಲದೆ ಒದ್ದಾಡುವುದನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಅದೇ ಕಷ್ಟ. ಪಾಚಿ ಮಾಡುವುದೇನೆಂದರೆ, ಮೊಟ್ಟೆಯ ಕೋಶದೊಳಗೇ ಕುಳಿತು ಬಿಸಿಲು ಕುಡಿದು ಅಲ್ಲೇ ಆಮ್ಲಜನಕ ತಯಾರಿಸುತ್ತದೆ. ಭ್ರೂಣ ಬಿಡುವ ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕದ ಕೊಳೆ ಪಾಚಿಗೆ ಗೊಬ್ಬರ. ಕೊಟ್ಟಿಗೆ ಮತ್ತು ತೋಟದ ಸಂಬಂಧ ಅನ್ನಿ. ಪಾಚಿಯಿರುವ ಮೊಟ್ಟೆಗಳು ಬೇಗ ಬಲಿತು ಒಡೆಯುತ್ತವೆ, ಸಾಯುವುದೂ ಕಡಿಮೆ ಎಂದು 1940ರ ದಶಕದಲ್ಲಿ ಪೆರಿ ಗಿಲ್ಬರ್ಟ್ ತೋರಿಸಿದರು. 1994ರಲ್ಲಿ ಪಿಂಡರ್ ಮತ್ತು ಫ್ರೀಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುದ್ದೆಯೊಳಗಿನ ಆಮ್ಲಜನಕವನ್ನೇ ಅಳೆದರು. ಬೆಳಕಿದ್ದಾಗ ಸುತ್ತಲಿನ ನೀರಿನಲ್ಲಿರುವುದಕ್ಕಿಂತಲೂ ಹೆಚ್ಚು. ಕತ್ತಲೆ ಮಾಡಿದರೆ ನಡುಭಾಗದಲ್ಲಿ ಬಹುತೇಕ ಸೊನ್ನೆ.

ಇದನ್ನು ಓದಿದಾಗ ನನ್ನ ಕೋಲ್ಡ್ ರೂಮು ನೆನಪಾಗಿ ಕೈ ತಣ್ಣಗಾಯಿತು. ಅಲುಗದ ನೀರು ಒಂದು ತಪ್ಪು, ಕತ್ತಲೆ ಇನ್ನೊಂದು. ಐಸಿಯುನಲ್ಲಿ ರೋಗಿಯ ಆಕ್ಸಿಜನ್ ನಳಿಕೆಯನ್ನು ನಾನೇ ಕಿತ್ತು ಬದಿಗಿಟ್ಟ ಹಾಗಾಗಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಮ್ಮ ಹೇಳಿದ್ದೇ ಸರಿ. ಫೋನಿನಲ್ಲಿ ಅದನ್ನು ಒಪ್ಪಿಕೊಂಡಾಗ ಅವರು, "ಅದಕ್ಕೆಲ್ಲ ಪುಸ್ತಕ ಯಾಕೆ ಬೇಕು ಮಾರಾಯ" ಎಂದು ಸುಮ್ಮನಾದರು.

ಇಲ್ಲಿಯವರೆಗಿನದು ನೆರೆಹೊರೆಯ ಕೊಡುಕೊಳ್ಳುವಿಕೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಹಸಿರು ಹೈಡ್ರಾ ನೆನಪಿರಬಹುದು. ಅದರ ಜೀವಕೋಶಗಳ ಒಳಗೇ ಪಾಚಿ ವಾಸಿಸುತ್ತದೆ. ಹವಳದಲ್ಲೂ ಹಾಗೆಯೇ. ಆದರೆ ಬೆನ್ನುಮೂಳೆಯುಳ್ಳ ಪ್ರಾಣಿಗಳಲ್ಲಿ ಅದು ಸಾಧ್ಯವಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ನಮ್ಮ ರೋಗನಿರೋಧಕ ವ್ಯವಸ್ಥೆ ಪರಕೀಯರನ್ನು ಒಳಗೆ ಬಿಡುವುದಿಲ್ಲ ಎಂದೇ ಪಾಠ. 2010ರಲ್ಲಿ ಇದೇ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿದ್ದ ರಯನ್ ಕರ್ನಿ ಎಂಬ ಯುವ ವಿಜ್ಞಾನಿ ಈ ಸಾಲಮಾಂಡರ್‌ನ ಭ್ರೂಣವೊಂದನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಇಟ್ಟು ದೀರ್ಘ ಎಕ್ಸ್‌ಪೋಶರ್‌ನಲ್ಲಿ ಚಿತ್ರ ತೆಗೆದರು. ಯಾವ ಬಣ್ಣವನ್ನೂ ಹಾಕದಿದ್ದರೂ ಭ್ರೂಣದ ಮೈಯಲ್ಲಿ ಅಲ್ಲಲ್ಲಿ ಚುಕ್ಕೆಗಳು ಹೊಳೆದವು. ಹರಿತ್ತು, ಅಂದರೆ ಕ್ಲೋರೋಫಿಲ್, ತಾನಾಗಿ ಹಾಗೆ ಹೊಳೆಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಾಚಿ ಮೊಟ್ಟೆಯ ಲೋಳೆಯಲ್ಲಷ್ಟೇ ಅಲ್ಲ, ಮರಿಯ ಜೀವಕೋಶದ ಒಳಗೇ ಕುಳಿತಿತ್ತು. ಕೆಲವು ಕಡೆ ಅದರ ಪಕ್ಕದಲ್ಲೇ ಮರಿಯ ಮೈಟೊಕಾಂಡ್ರಿಯಗಳು, ಜೀವಕೋಶದ ಒಲೆಗಳು, ಗುಂಪುಕೂಡಿದ್ದವು. 2011ರಲ್ಲಿ ಪ್ರಬಂಧ ಪ್ರಕಟವಾಯಿತು. ಕಶೇರುಕಗಳಲ್ಲಿ ಇಂಥದ್ದು ಕಂಡದ್ದು ಅದೇ ಮೊದಲು.

ಈ ಸುದ್ದಿ ವೈದ್ಯನಿಗೆ ಎಷ್ಟು ವಿಚಿತ್ರವೆಂದು ಹೇಗೆ ಹೇಳಲಿ? ರೆಸಿಡೆನ್ಸಿಯಲ್ಲಿ ಮೂತ್ರಪಿಂಡ ಕಸಿಯಾದವರನ್ನು ನೋಡಿಕೊಳ್ಳುವ ಪಾಳಿ ನನಗಿತ್ತು. ಒಡಹುಟ್ಟಿದವರೇ ಕೊಟ್ಟ ಮೂತ್ರಪಿಂಡವಾದರೂ ದೇಹ ಅದನ್ನು ಹೊರಗಿನದೆಂದೇ ಎಣಿಸುತ್ತದೆ. ಟ್ಯಾಕ್ರೊಲಿಮಸ್ ಗುಳಿಗೆಯನ್ನು ಹನ್ನೆರಡು ಗಂಟೆಗೊಮ್ಮೆ, ಬದುಕಿರುವಷ್ಟು ಕಾಲ ನುಂಗುತ್ತಿರಬೇಕು. ಪಾಚಿಯ ಮಾತಿಗೇ ಬಂದರೆ, ಮನುಷ್ಯನ ಮೈಯೊಳಗೆ ಬೆಳೆಯಬಲ್ಲ ಒಂದು ಜಾತಿಯೂ ಇದೆ, ಪ್ರೊಟೊಥೀಕಾ ಎಂದು. ತನ್ನ ಹಸಿರನ್ನು ಕಳೆದುಕೊಂಡ ಪಾಚಿ ಅದು. 1964ರಲ್ಲಿ ಸಿಯೆರಾ ಲಿಯೋನಿನ ಭತ್ತದ ರೈತನೊಬ್ಬನ ಕಾಲಿನ ಹುಣ್ಣಿನಲ್ಲಿ ಮೊದಲು ಪತ್ತೆಯಾಯಿತು. ನಮ್ಮ ಪಾಲಿಗೆ ಒಳಗೆ ಬಂದ ಪಾಚಿ ಎಂದರೆ ಕಾಯಿಲೆ, ಅದಕ್ಕೊಂದು ಔಷಧಿ, ಅಷ್ಟೆ. ಈ ಚುಕ್ಕೆ ಪ್ರಾಣಿ ಅದನ್ನು ಬರಮಾಡಿಕೊಂಡು ಮೈಯಲ್ಲಿ ಇಟ್ಟುಕೊಂಡಿದೆ!

ಹೇಗೆ ಎಂಬುದಕ್ಕೆ ಉತ್ತರದ ಒಂದು ತುಣುಕು 2017ರಲ್ಲಿ ಸಿಕ್ಕಿತು. ಜಾನ್ ಬರ್ನ್ಸ್, ಯುನ್ಸೂ ಕಿಮ್, ಕರ್ನಿ ಮುಂತಾದವರು ಪಾಚಿ ಹೊಕ್ಕ ಜೀವಕೋಶಗಳನ್ನು ಒಂದೊಂದಾಗಿ ಆರಿಸಿ, ಅವುಗಳಲ್ಲಿ ಯಾವ ವಂಶವಾಹಿಗಳು ಕೆಲಸ ಮಾಡುತ್ತಿವೆ ಎಂದು ಓದಿದರು. ಸಾಲಮಾಂಡರ್‌ನ ಜೀವಕೋಶ ಗಾಬರಿಯಾಗಿರಲಿಲ್ಲ. ಸೋಂಕು ತಗಲಿದಾಗ ಬಾರಿಸುವ ಗಂಟೆಯನ್ನು ಅದು ತುಸು ಮೆಲ್ಲಗೆ ಮಾಡಿಕೊಂಡಿತ್ತು. ಗಾಬರಿಯಾದದ್ದು ಪಾಚಿ. ಹೊರಗೆ ನೀರಿನಲ್ಲಿ ಬಿಸಿಲು ಕುಡಿದುಕೊಂಡು ಸುಖವಾಗಿದ್ದದ್ದು ಒಳಗೆ ಬಂದ ಮೇಲೆ ಕಷ್ಟದಲ್ಲಿರುವ ಲಕ್ಷಣ ತೋರಿಸಿತು. ಆಮ್ಲಜನಕ ಹುಟ್ಟಿಸುವ ಕಸುಬನ್ನು ತಗ್ಗಿಸಿ, ಹುದುಗುವಿಕೆಯ ದಾರಿ ಹಿಡಿದಿತ್ತು. ರಾತ್ರಿ ದೋಸೆ ಹಿಟ್ಟು ಹುಳಿಯಾಗುತ್ತದಲ್ಲ, ಆ ದಾರಿ.

ಅಧ್ಯಕ್ಷರೆ, ಹಾಲು ಸಕ್ಕರೆಯ ಕತೆ ನನ್ನಿಂದ ಆಗದೆ ಹೋದದ್ದು ಇದಕ್ಕೇ. ಮೊಟ್ಟೆಯ ಲೋಳೆಯಲ್ಲಿ ಇಬ್ಬರಿಗೂ ಲಾಭ, ಸಂತೋಷ. ಜೀವಕೋಶದ ಬಾಗಿಲು ದಾಟಿದ ಮೇಲೆ ಮನೆಯವರು ನೆಮ್ಮದಿಯಾಗಿದ್ದಾರೆ, ಬಂದವನು ಹುಳಿಯಾಗುತ್ತಿದ್ದಾನೆ. ಈ ಸಭೆಯಲ್ಲಿ ಆ ಹುಳಿ ಗೊತ್ತಿರುವವರು ಹಲವರಿದ್ದೀರಿ. ಊರಿನ ಡಿಗ್ರಿಯನ್ನು ಸೂಟ್‌ಕೇಸಿನಲ್ಲಿಟ್ಟು ಟ್ಯಾಕ್ಸಿ ಓಡಿಸಿದವರು ಇದ್ದೀರಿ. ರೆಸಿಡೆನ್ಸಿ ಸಿಗುವ ಮೊದಲು ಎರಡು ಚಳಿಗಾಲ ನಾನೂ ಗೋದಾಮೊಂದರಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತಿದವನು. ಆದರೆ ನಮ್ಮ ಸಂಕಟವನ್ನು ಪಾಚಿಯ ತಲೆಗೆ ಕಟ್ಟುವುದು ಅನ್ಯಾಯ. ಅದು ಅರ್ಜಿ ಹಾಕಿ ಬಂದದ್ದಲ್ಲ, ಯಾರ ಮೇಲೂ ಅದಕ್ಕೆ ದೂರಿಲ್ಲ. ಮರಿ ಬೆಳೆದಂತೆ ಅದರ ಮೈಯೊಳಗಿನ ಪಾಚಿ ಕಡಿಮೆಯಾಗುತ್ತ ಹೋಗುತ್ತದೆ. ತಾಯಿಯ ಅಂಡನಾಳದಲ್ಲೂ ಪಾಚಿಯ ಗುರುತು ಸಿಕ್ಕಿರುವುದರಿಂದ, ಅಮ್ಮನಿಂದಲೇ ಮೊಟ್ಟೆಗೆ ಬಳುವಳಿಯಾಗಿ ಹೋಗುತ್ತದೆಯೇ ಎಂಬ ಅನುಮಾನವೂ ವಿಜ್ಞಾನಿಗಳಿಗಿದೆ.

ಈ ನಂಟು ಮುರಿದರೆ ಏನಾಗುತ್ತದೆ ಎಂಬುದನ್ನು ನಮ್ಮೂರಿನ ಕಡಲಲ್ಲಿ ನೋಡಬಹುದು. ಉತ್ತರ ಕನ್ನಡದವರಿಗೆ ನೇತ್ರಾಣಿ ಗೊತ್ತು. ಮುರ್ಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರ ಕಡಲೊಳಗಿನ ಪಾರಿವಾಳದ ಗುಡ್ಡ. ಅದರ ಸುತ್ತ ನೀರಡಿಯಲ್ಲಿ ಹವಳಗಳಿವೆ. ಹವಳ ಕಲ್ಲಲ್ಲ, ಪ್ರಾಣಿ. ಅದಕ್ಕೆ ಬಣ್ಣವನ್ನೂ ಅನ್ನದ ಬಹುಪಾಲನ್ನೂ ಕೊಡುವುದು ಅದರೊಳಗಿನ ಪಾಚಿ. ಸಮುದ್ರದ ನೀರು ಬೇಸಿಗೆಯ ಮಾಮೂಲು ಶಾಖಕ್ಕಿಂತ ಒಂದೇ ಡಿಗ್ರಿ ಮೇಲೇರಿ ಕೆಲವು ವಾರ ಹಾಗೇ ನಿಂತರೆ ಸಾಕು, ಪಾಚಿಯ ಯಂತ್ರ ಕೆಟ್ಟು ವಿಷಕಾರಿ ಆಮ್ಲಜನಕ ಸೂಸತೊಡಗುತ್ತದೆ, ಹವಳ ಅದನ್ನು ಹೊರದಬ್ಬುತ್ತದೆ. ಆಮ್ಲಜನಕವೂ ಅತಿಯಾದರೆ ವಿಷವೆಂದು ವೈದ್ಯರು ಕಲಿತದ್ದು ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಕಣ್ಣು ಹೋದ ಮೇಲೆ. ಪಾಚಿ ಹೋದ ಹವಳ ಸುಣ್ಣದಂತೆ ಬೆಳ್ಳಗಾಗುತ್ತದೆ. ಶಾಖ ಬೇಗ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು.

ಸಾಲಮಾಂಡರ್‌ಗೆ ಇಲ್ಲಿ ಬಂದಿರುವ ಕುತ್ತು ಬೇರೆ. ಅದಕ್ಕೆ ಬೇಕಾದದ್ದು ಬೇಸಿಗೆಯಲ್ಲಿ ಒಣಗಿಹೋಗುವ ಹೊಂಡ. ಒಣಗುವ ಹೊಂಡದಲ್ಲಿ ಮೀನು ಇರುವುದಿಲ್ಲ, ಮೊಟ್ಟೆ ಉಳಿಯುತ್ತದೆ. ಆಗಸ್ಟಿನಲ್ಲಿ ಜಮೀನು ನೋಡಲು ಬಂದವನಿಗೆ ಅಲ್ಲಿ ಹೊಂಡವೇ ಕಾಣಿಸದು. ಎಲೆ ತುಂಬಿದ ತಗ್ಗು, ಒಂದು ಲಾರಿ ಮಣ್ಣು ಸುರಿದರೆ ಸಮ. ಕೆರೆ ಮುಚ್ಚಿ ಲೇಔಟ್ ಮಾಡಿದ ಬೆಂಗಳೂರನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. 1848ರಲ್ಲಿ ಜಾನ್ ನಿಕೊಲಸ್ ಕ್ಲೈನ್ ಜಮೀನು ಕೊಂಡು ಗಿರಣಿ ಕಟ್ಟಿದಾಗ ಈ ಊರಿನ ಸುತ್ತ ಇಂಥ ತಗ್ಗುಗಳೆಷ್ಟಿದ್ದವೋ! ನನ್ನ ಎರಡು ಗ್ಯಾರೇಜಿನ ಮನೆಯ ಅಡಿಪಾಯದಡಿ ಏನಿತ್ತು ಎಂದು ನಾನು ಕೇಳಿ ತಿಳಿಯಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಇಪ್ಪತ್ತು ವರ್ಷವೂ ಬದುಕಬಲ್ಲ ಈ ಪ್ರಾಣಿ ಹುಟ್ಟಿದ ಹೊಂಡವನ್ನೇ ಹುಡುಕಿಕೊಂಡು ವರ್ಷವರ್ಷ ಬರುತ್ತದೆ. ನಡುವೆ ರಸ್ತೆ ಹಾಯ್ದರೆ ಅದಕ್ಕೆ ತಿಳಿಯುವುದಿಲ್ಲ. ಬರ್ಲಿಂಗ್ಟನ್‌ನಲ್ಲಿ ಇದರ ದಾಯಾದಿ, ಅಳಿವಿನ ಅಂಚಿನಲ್ಲಿರುವ ಜೆಫರ್ಸನ್ ಸಾಲಮಾಂಡರ್, ದಾಟಲೆಂದು 2012ರಿಂದ ಕಿಂಗ್ ರೋಡಿನ ಒಂದು ಭಾಗವನ್ನು ಪ್ರತಿ ವಸಂತದಲ್ಲೂ ಕೆಲವು ವಾರ ಮುಚ್ಚುತ್ತ ಬಂದಿದ್ದಾರೆ. ಇತ್ತ ನಮ್ಮ ಉತ್ತರಕ್ಕೆ 413ನೇ ಹೆದ್ದಾರಿ ಬರಬೇಕೆಂದಿದೆ. ಅದರ ಪರವೋ ವಿರೋಧವೋ ಎಂದು ನನ್ನನ್ನು ಕೇಳಬೇಡಿ. ಬೆಳಿಗ್ಗೆ 400ರಲ್ಲಿ ಸಿಕ್ಕಿಹಾಕಿಕೊಂಡಾಗ ಒಂದು ಅಭಿಪ್ರಾಯ, ಸಂಜೆ ಆ ಮೇಪಲ್ ಕಾಡಿನಲ್ಲಿ ನಿಂತಾಗ ಇನ್ನೊಂದು.

ಮಗಳಿಗೀಗ ಹದಿನೈದು. ಮಾರ್ಚ್ ಕೊನೆಯಿಂದಲೇ ಹವಾಮಾನ ವರದಿ ನೋಡಲು ಶುರು ಮಾಡುತ್ತಾಳೆ. ನೆಲದ ಹಿಮ ಸಡಿಲಾಗಿ, ಸ್ವಲ್ಪ ಬೆಚ್ಚಗಿನ ಮೊದಲ ಮಳೆ ಸಂಜೆಯ ಮೇಲೆ ಬಿದ್ದರೆ ಆ ರಾತ್ರಿ ಅವು ಬಿಲದಿಂದ ಏಳುತ್ತವೆ. ಹೆಣ್ಣು ಮೊಟ್ಟೆಯಿಡುವಷ್ಟು ಬಲಿಯಲು ಮೂರರಿಂದ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹಾಗಾಗಿ ನಾವು ಜಾಡಿಯಿಂದ ಮರಳಿ ಬಿಟ್ಟವುಗಳಲ್ಲಿ ಬದುಕಿದ್ದರೆ ಈಗ ಬರಬೇಕಾದ ಕಾಲ. ಒಂದರ ಮುಖ ಇನ್ನೊಂದರಿಂದ ಬೇರೆ ಎಂದು ಹೇಳುವ ಹಾಗಿಲ್ಲ. ಆದರೂ ಅವಳು ಒಂದೊಂದನ್ನೂ ಬಗ್ಗಿ ನೋಡುತ್ತಾಳೆ, ನಾನು ಕೊಡೆ ಹಿಡಿದು ಹಿಂದೆ ನಿಲ್ಲುತ್ತೇನೆ.

ಮುಂದಿನ ವಸಂತದಲ್ಲಿ ಬರಬೇಕೆನ್ನುವವರು ಊಟವಾದ ಮೇಲೆ ನನ್ನ ಬಳಿ ಹೆಸರು ಕೊಡಿ. ರೈತರ ಒಪ್ಪಿಗೆ ಕೇಳಿದ್ದೇನೆ. ಹತ್ತು ಜನ ಮೀರಬಾರದು ಎಂದಿದ್ದಾರೆ, ಮಕ್ಕಳಿಗೆ ಮೊದಲ ಅವಕಾಶ. ಕರೆ ಮಧ್ಯಾಹ್ನ ಬಂದರೆ ರಾತ್ರಿಯೇ ಹೊರಡಬೇಕು, ವಾರದ ದಿನವಾದರೂ ಸರಿ. ರಬ್ಬರ್ ಬೂಟು ಹಾಕಿಕೊಳ್ಳಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ. ಕಾಡಿನ ಬಾಗಿಲಿನಿಂದ ಒಂದೊಂದೇ ಹೆಜ್ಜೆ, ಕಾಲಡಿ ನೋಡಿಕೊಂಡು ನಡೆಯಬೇಕು. ಜಾಡಿ ತರಬೇಡಿ.